ಯಾವ ಕಾಲದ ಕೇಬಲ್ಲು?

ಸೈಕಲ್ಲಿನಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಕೇಬಲ್ಲು. ಫ್ರೇಮು ಅಜ್ಜನಿಂದ ಮೊಮ್ಮಗನವರೆಗೆ ಬರುತ್ತದೆ. ಬ್ರೂಕ್ಸ್ ಸೀಟಿನ ಚರ್ಮ ಒಬ್ಬರ ಭಾರಕ್ಕೆ ಬಗ್ಗಿ, ಮುಂದಿನವರ ಭಾರಕ್ಕೂ ತಕರಾರಿಲ್ಲದೆ ಒಗ್ಗಿಕೊಳ್ಳುತ್ತದೆ. ಬೆಲ್ಲಿನ ಮುಚ್ಚಳ ಕಳೆದುಹೋದರೂ ಒಳಗಿನ ಹಲ್ಲು ಕಿರ್ ಅನ್ನುತ್ತಲೇ ಇರುತ್ತದೆ. ಕೇಬಲ್ಲಿಗೆ ಮಾತ್ರ ಆಯುಸ್ಸು ಗಿಡ್ಡ, ಅದರಲ್ಲೂ ನಮ್ಮ ಕಡೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ವರ್ಷಕ್ಕೆ ಹೆಚ್ಚುಕಮ್ಮಿ 4000 ಮಿಲಿಮೀಟರ್ ಮಳೆ. ಮಳೆ ಬಿಟ್ಟ ಮೇಲೆ ಉಪ್ಪುಗಾಳಿ. ಕಿಟಕಿಯ ಸರಳು, ಗೇಟಿನ ತಿರುಗಣೆ ಎಲ್ಲ ಕೆಂಪಗೆ ಪುಡಿಯಾಗುವ ಊರಿನಲ್ಲಿ ಒಂದೂವರೆ ಮಿಲಿಮೀಟರ್ ದಪ್ಪದ ಬ್ರೇಕ್ ತಂತಿಯ ಪಾಡೇನು?

ಹೀಗಿರುವಾಗ ಹಳೆ ಸೈಕಲ್ಲಿನ ಹುಚ್ಚು ಹತ್ತಿದವರು ಅತ್ಯಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಈ ಸಾಯುವ ವಸ್ತುವಿನ ಬಗ್ಗೆಯೇ ಎಂಬುದು ವಿಚಿತ್ರ. ಪೇಂಟಿನ ಬಗ್ಗೆ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ, ಟೈರಿನ ಬಗ್ಗೆ ಕಣ್ಣು ಮುಚ್ಚುತ್ತಾರೆ. ಕೇಬಲ್ಲಿಗೆ ಬಂದಾಗ ಮಾತ್ರ ಮೂಗಿನ ತುದಿಗೆ ಕನ್ನಡಕ ಇಳಿಸಿ ಕೇಳುತ್ತಾರೆ: ಇದು ಆ ಕಾಲದ್ದೇನಾ?

ನಮ್ಮ ಹಿರಿಯರು ಈ ರಗಳೆಯನ್ನೇ ಇಟ್ಟುಕೊಂಡಿರಲಿಲ್ಲ. ಕುಂದಾಪುರ, ಬ್ರಹ್ಮಾವರ, ಬೈಂದೂರಿನ ರಸ್ತೆಗಳಲ್ಲಿ ಒಂದು ಕಾಲಕ್ಕೆ ಓಡಾಡಿದ್ದೆಲ್ಲ ರಾಡ್ ಬ್ರೇಕಿನ ಗಟ್ಟಿ ಸೈಕಲ್ಲುಗಳು. ಹರ್ಕ್ಯುಲಿಸ್, ಹಂಬರ್, ಫಿಲಿಪ್ಸ್. ಆಮೇಲೆ ಅಟ್ಲಾಸ್, ಹೀರೋ. 28 ಇಂಚಿನ ಚಕ್ರ, ಎರಡು ಅಕ್ಕಿಮುಡಿ ಹೇರಿದರೂ ಜಗ್ಗದ ಕ್ಯಾರಿಯರ್. ಅದರ ಮೇಲೆ ಕೂತು ಓಡಾಡಿದವರ ಪಟ್ಟಿಯೇ ಊರಿನ ಅರ್ಧ ಚರಿತ್ರೆ. ಟಪಾಲಿನವರು, ಬುಟ್ಟಿ ಕಟ್ಟಿಕೊಂಡು ಹಾರ್ನ್ ಒತ್ತುತ್ತ ಬರುವ ಮೀನಿನವರು, ಮಂದಾರ್ತಿ ಮೇಳದ ಯಕ್ಷಗಾನ ಆಟ ಮುಗಿಸಿ ಬೆಳಗಿನ ಜಾವ ತೂಕಡಿಸುತ್ತ ಮನೆಗೆ ಮರಳುವವರು, ಗಂಗೊಳ್ಳಿಗೆ ದೋಣಿಯಲ್ಲಿ ಸೈಕಲ್ ಸಮೇತ ದಾಟುವವರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತಲ್ಲ, ಆ ಪಿಗ್ಮಿ ಕಲೆಕ್ಷನ್ನಿನವರು ಮನೆ ಮನೆಗೆ ಬರುತ್ತಿದ್ದದ್ದೂ ಇಂಥದ್ದರ ಮೇಲೆಯೇ. ರಾಡ್ ಬ್ರೇಕಿನ ಲಿವರ್ ಎಳೆದರೆ ಒಂದು ಕಬ್ಬಿಣದ ಕಡ್ಡಿ ಇನ್ನೊಂದನ್ನು ಎಳೆದು, ಅದು ಮತ್ತೊಂದನ್ನು ಎಳೆದು, ಕೊನೆಗೆ ರಬ್ಬರು ರಿಮ್ಮಿನ ಒಳಮೈಗೆ ಹೋಗಿ ಒತ್ತುತ್ತದೆ. ಗಡಗಡ ಸದ್ದಾಗುತ್ತದೆ ನಿಜ. ಆದರೆ ಕಡ್ಡಿಗೆ ತುಕ್ಕು ಹಿಡಿದರೂ ಬ್ರೇಕ್ ಹಿಡಿಯುತ್ತದೆ.

ಕೇಬಲ್ ಬ್ರೇಕ್ ಈ ಊರಿಗೆ ಬಂದದ್ದು ಶೋಕಿಯ ವಸ್ತುವಾಗಿ. 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಶುರುವಾಯಿತು. ಕಾಲೇಜಿಗೆ ಹೋಗುವ ಹುಡುಗರಿಗೆ ಅಪ್ಪನ ಕಬ್ಬಿಣದ ಕುದುರೆ ಬೇಡ, ಹಗೂರದ್ದು, ತಗ್ಗು ಹ್ಯಾಂಡಲ್ಲಿನದ್ದು ಬೇಕು. ಹಿರಿಯರು ಅದನ್ನು ನಂಬಲಿಲ್ಲ. ದಾರದಲ್ಲಿ ಕಟ್ಟಿದ ಬ್ರೇಕ್ ಎಂದು ಮೂಗು ಮುರಿದರು. ಅರವತ್ತು ವರ್ಷಗಳ ಮೇಲೆ ಯೋಚಿಸಿದರೆ ಆ ಅವಿಶ್ವಾಸದಲ್ಲಿ ತಪ್ಪು ಕಾಣುವುದಿಲ್ಲ.

ನಮ್ಮ ಮನೆಯ ರ್‍ಯಾಲೆ ಮಾತ್ರ ಅದಕ್ಕೂ ಮೊದಲೇ ಬಂದದ್ದು. ದೊಡ್ಡಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಈ ಭಾಗದ ಮನೆಗೊಬ್ಬರಾದರೂ ಅಲ್ಲಿ ತಟ್ಟೆ ತೊಳೆದೋ ಗಲ್ಲಾದಲ್ಲಿ ಕೂತೋ ದುಡಿದವರಿರುತ್ತಾರೆ. ಅಲ್ಲಿ ಗಿರಾಕಿಯೊಬ್ಬರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡು ಲಾರಿ ಮೇಲೆ ಹಾಕಿಸಿ ಊರಿಗೆ ಕಳಿಸಿದ್ದರಂತೆ. ನಾಟಿಂಗ್‌ಹ್ಯಾಮಿನ ಒರಿಜಿನಲ್ ರ್‍ಯಾಲೆ ಸ್ಪೋರ್ಟ್ಸ್. 26 ಇಂಚಿನ ಸಪೂರ ಚಕ್ರ, ಎರಡು ಕಡೆಗೂ ಕೇಬಲ್ ಬ್ರೇಕ್, ಹಿಂದಿನ ಚಕ್ರದ ಹಬ್ಬಿನೊಳಗೆ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರ್. ಆ ಹಬ್ಬಿನ ಮೈಮೇಲೆ ಮಾದರಿಯ ಅಕ್ಷರದ ಜೊತೆ 56 ಎಂದು ಒತ್ತಿದ್ದಾರೆ. ಅದು ತಯಾರಾದ ವರ್ಷ, 1956. ನಮ್ಮ ಜಿಲ್ಲೆ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೂ ಅದೇ. ಸೈಕಲ್ಲಿಗೆ ಹುಟ್ಟಿದ ದಿನದ ದಾಖಲೆ ಮೈಮೇಲೇ ಇರುವಾಗ, ಉಳಿದದ್ದೆಲ್ಲ ಅದಕ್ಕೆ ತಾಳೆಯಾಗಬೇಕು ಎಂಬ ಹಟ ಹುಟ್ಟುವುದು ಸಹಜ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮಡಲಿನ ರಾಶಿಯ ಅಡಿ ಬಿದ್ದಿದ್ದ ಅದನ್ನು ಎಬ್ಬಿಸಿ ನಿಲ್ಲಿಸಿದಾಗ ನನ್ನನ್ನು ಹಿಡಿದದ್ದೂ ಇದೇ ಹಟ.

ಕೇಬಲ್ಲಿನ ಕೆಲಸ ಹೊರಗಿನಿಂದ ಕಾಣುವಷ್ಟು ಸರಳವಲ್ಲ. ಒಳಗೊಂದು ಹುರಿ ಮಾಡಿದ ಉಕ್ಕಿನ ತಂತಿ, ಇನ್ನರ್. ಹೊರಗೊಂದು ಸ್ಪ್ರಿಂಗಿನ ಹಾಗೆ ಸುತ್ತಿದ ಕವಚ, ಔಟರ್. ಲಿವರ್ ಹಿಡಿದಾಗ ಇನ್ನರ್ ಎಳೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅಷ್ಟೇ ಬಲದಿಂದ ಔಟರ್ ಎದುರು ದಿಕ್ಕಿಗೆ ದೂಡುತ್ತದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಔಟರ್ ಕುಗ್ಗಿದರೆ ಇನ್ನರ್ ಎಷ್ಟು ಹೊಸತಾದರೂ ಬ್ರೇಕ್ ಮೆತ್ತಗೆ. ಈ ಉಪಾಯಕ್ಕೆ 1896ರಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಮೊನ್ನಿಂಗ್ಟನ್ ಬೌಡನ್. ರ್‍ಯಾಲೆ ಕಂಪನಿ ಕಟ್ಟಿದ ಫ್ರಾಂಕ್ ಬೌಡನ್ ಬೇರೆ; ಇಬ್ಬರನ್ನೂ ಒಬ್ಬರೇ ಮಾಡಿ ಹೇಳುವವರು ಬಹಳ ಜನ. ಫ್ರಾಂಕ್ ಬೌಡನ್ ಸೈಕಲ್ ತುಳಿದು ಆರೋಗ್ಯ ಸುಧಾರಿಸಿಕೊಂಡ ಸಾಹುಕಾರ. ಆ ಖುಷಿಗೆ ನಾಟಿಂಗ್‌ಹ್ಯಾಮಿನ ರ್‍ಯಾಲೆ ಸ್ಟ್ರೀಟಿನಲ್ಲಿದ್ದ ಸಣ್ಣ ಸೈಕಲ್ ಅಂಗಡಿಗೆ ಬಂಡವಾಳ ಹಾಕಿ 1888ರಲ್ಲಿ ಕಂಪನಿ ಮಾಡಿದ. ಒಬ್ಬ ಬೌಡನ್ ಸೈಕಲ್ ಓಡಿಸಿದ, ಇನ್ನೊಬ್ಬ ನಿಲ್ಲಿಸಿದ.

ಉಳಿದ ರಿಪೇರಿಯ ಕತೆ ಉದ್ದ ಮಾಡುವುದಿಲ್ಲ. ಪೆಡಲ್ ಕಡ್ಡಿಯ ಕಾಟರ್ ಪಿನ್ ತೆಗೆಯಲು ಸೀಮೆಎಣ್ಣೆ, ಸುತ್ತಿಗೆ, ಬೈಗುಳ ಮೂರೂ ಬೇಕಾಯಿತು. ಪೆಡಲ್ ನಡುವಿನ ಕಪ್ಪಿಗೆ ರ್‍ಯಾಲೆಯವರದ್ದೇ ಬೇರೆ ತಿರುಪಿನ ಮರೆ, ಇಂಚಿಗೆ 26. ಜಗತ್ತೆಲ್ಲ 24ರಲ್ಲಿ ನಡೆಯುವಾಗ ಇವರ ಗತ್ತು ಬೇರೆ. ಬೇರಿಂಗು ತೊಳೆದು ಗ್ರೀಸ್ ತುಂಬಿದೆ. ಹಬ್ಬಿನ ಎಣ್ಣೆಕಿಂಡಿಗೆ ತೆಂಗಿನೆಣ್ಣೆ ಬಿಡಲು ಅಮ್ಮ ಸಲಹೆ ಕೊಟ್ಟರು. ನಮ್ಮಲ್ಲಿ ಕೂದಲಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲಕ್ಕೂ ಅದೇ ಮದ್ದು. ಧೂಳು ಸೇರಿದರೆ ಜಿಡ್ಡು ಕಟ್ಟುತ್ತದೆ ಎಂದು ಹೇಳಿ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಅಮ್ಮನಿಗೆ ಈಗಲೂ ಸಮಾಧಾನವಿಲ್ಲ.

ಆಮೇಲೆ ಕೇಬಲ್ಲು ಬಿಚ್ಚಿದ್ದು. ಕೋಟೇಶ್ವರದ ಕಡೆ ಒಂದು ಹಳೆ ಸೈಕಲ್ ಶಾಪ್ ಇದೆ. ಹೊರಗೆ ಮಕ್ಕಳ ಬಣ್ಣದ ಸೈಕಲ್ಲುಗಳು ತೂಗಾಡುತ್ತವೆ, ಒಳಗೆ ಅಟ್ಟದ ಮೇಲೆ ಐವತ್ತು ವರ್ಷದ ಸರಕು. ಯಜಮಾನರಿಗೆ ಎಪ್ಪತ್ತು ದಾಟಿದೆ. ಸೈಕಲ್ಲನ್ನು ಸುತ್ತು ಹಾಕಿ ನೋಡಿದರು.

"ಹ್ವಾಯ್, ಕೇಬಲ್ ಬ್ರೇಕ್ ನಮ್ ಊರಿಗ್ ಆಪ್ದಲ್ಲ ಮಾರಾಯ್ರೆ. ರಾಡ್ ಬ್ರೇಕ್ ಮಾಡ್ಸಿ ಬಿಡಿ. ಸಾಮಾನ್ ಈಗ್ಲೇ ಇತ್ತ್."

ಅವರ ಮಾತಿನಲ್ಲಿ ಸತ್ಯವಿತ್ತು. ರಾಡ್ ಬ್ರೇಕಿನ ಪ್ರತಿಯೊಂದು ಕಡ್ಡಿ, ಕೊಕ್ಕೆ, ನಟ್ಟು ಲುಧಿಯಾನದಿಂದ ಇಂದಿಗೂ ಹೊಸದಾಗಿ ಬರುತ್ತದೆ. ಸೋನೆಪತ್‌ನಲ್ಲಿ 1951ರಲ್ಲಿ ಶುರುವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ನಿಂತುಹೋಯಿತು, ಅದೂ ವಿಶ್ವ ಸೈಕಲ್ ದಿನದಂದೇ. ಆದರೂ ಅದರ ಬಿಡಿಭಾಗಕ್ಕೆ ಬರ ಬಂದಿಲ್ಲ. ವಿನ್ಯಾಸದಲ್ಲಿ ಹಳೆಯದು ಯಾವುದೋ ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಗುತ್ತಿದೆ. ಆಗಿನ ಹೊಸತು ಯಾವುದೋ ಅದು ಈಗ ಭೂಗತ. ರ್‍ಯಾಲೆಯ ಆ ಕಾಲದ ಬ್ರೇಕ್ ಇನ್ನರಿಗೆ ಎರಡೂ ತುದಿಗೆ ಕಾರ್ಖಾನೆಯಲ್ಲೇ ಗುಂಡು ಕೂರಿಸಿ ಕಳಿಸುತ್ತಿದ್ದರು. ಉದ್ದ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಕೂರುವುದಿಲ್ಲ, ಕತ್ತರಿಸುವ ಹಾಗೂ ಇಲ್ಲ. ಮುಂದಿನದಕ್ಕೊಂದು ಅಳತೆ, ಹಿಂದಿನದಕ್ಕೊಂದು ಅಳತೆ. ಇಂದು ಸಿಗುವ ಇನ್ನರಿಗೆ ಒಂದೇ ತುದಿಯಲ್ಲಿ ಗುಂಡು; ಇನ್ನೊಂದನ್ನು ಸ್ಕ್ರೂ ಬಿಗಿದೋ ಬೆಸುಗೆ ಹಾಕಿಯೋ ನಾವೇ ಮಾಡಿಕೊಳ್ಳಬೇಕು.

ಮುಂದಿನ ಬ್ರೇಕಿನ ತಂತಿ ಕೈಗೆ ಬಂದದ್ದು ತುಂಡುತುಂಡಾಗಿ. ಔಟರ್ ಕೆಳಕ್ಕೆ ಬಾಗಿದ ಜಾಗದಲ್ಲಿ ನೀರು ನಿಂತು ನಿಂತು ಅಲ್ಲೇ ಕೊಳೆತಿತ್ತು. ಹಿಂದಿನದೂ ಅದೇ ಸ್ಥಿತಿ. ಗೇರಿನ ಕೇಬಲ್ ಮಾತ್ರ ಸಲೀಸಾಗಿ ಜಾರಿತು, ಕಪ್ಪು ಗ್ರೀಸ್ ಬಳಿದುಕೊಂಡು. ಯಜಮಾನರು ಅದನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಒಮ್ಮೆ ನನ್ನ ಮುಖ ನೋಡಿ ನಕ್ಕರು.

"ಇದ್ ಲೂನಾದ್."

ಹೌದು, ಲೂನಾ ಮೊಪೆಡ್ಡಿನ ಆಕ್ಸಿಲರೇಟರ್ ತಂತಿ. 1972ರಲ್ಲಿ ಮಾರುಕಟ್ಟೆಗೆ ಬಂದ ಲೂನಾದ ತಂತಿ 1956ರ ಇಂಗ್ಲಿಷ್ ಔಟರಿನೊಳಗೆ ಯಾವಾಗ ಹೊಕ್ಕಿತೋ, ಸ್ತ್ರೀವೇಷದ ಸೆರಗಿನೊಳಗೆ ಮೀಸೆ ಇದ್ದ ಹಾಗೆ. ಯಾರೋ ಅದರ ತುದಿಯ ಗುಂಡನ್ನು ಅರದಿಂದ ತಿಕ್ಕಿ, ಗೇರ್ ಬದಲಿಸುವ ಸ್ಟರ್ಮಿ-ಆರ್ಚರ್ ಟ್ರಿಗರಿನ ಗೂಡಿಗೆ ಸರಿಯಾಗುವ ಹಾಗೆ ಮಾಡಿದ್ದರು. ಇನ್ನೊಂದು ತುದಿಗೆ ಸೀಸದ ಬೆಸುಗೆ. ಬೆಸುಗೆಯ ಮೊದಲು ತಂತಿಯ ಎಳೆಗಳನ್ನು ಬಿಚ್ಚಿ, ಹೂವಿನಂತೆ ಅರಳಿಸಿ, ಮತ್ತೆ ಮಡಚಿ ಸೀಸ ಹೊಯ್ದದ್ದು ಬೆಸುಗೆಯ ಅಂಚಿನಲ್ಲಿ ಕಾಣುತ್ತಿತ್ತು. ಸುಮ್ಮನೆ ಸೀಸ ಅಂಟಿಸಿದರೆ ಎಳೆತಕ್ಕೆ ಕಳಚಿ ಬರುತ್ತದೆ. ಎಳೆ ಅರಳಿಸಿ ಹೊಯ್ದರೆ ತಂತಿ ತುಂಡಾದೀತೇ ಹೊರತು ಗುಂಡು ಬಿಡದು. ಮಾಡಿದವರಿಗೆ ಕೆಲಸ ಗೊತ್ತಿತ್ತು. ಯಾರು ಎಂದು ಕೇಳಿದರೆ ಯಜಮಾನರು ಖಚಿತವಾಗಿ ಹೇಳಲಿಲ್ಲ. ಆದರೆ ಆ ಗುಂಡನ್ನು ಬೆರಳಿನಲ್ಲಿ ಉರುಳಿಸುತ್ತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು ಎಂದು ನನಗನ್ನಿಸಿತು.

ಬೆಂಗಳೂರಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಈ ವಿಷಯದಲ್ಲಿ ಮಡಿವಂತ. ಗುಜರಿಗಳಲ್ಲಿ ಅಲೆದು, ವಿಲಾಯತಿಯಿಂದ ತರಿಸಿ, ಸೈಕಲ್ಲುಗಳನ್ನು ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಗೆ ಮರಳಿಸುವವನು. ಲೂನಾ ಸುದ್ದಿ ಕೇಳಿ ಫೋನಿನಲ್ಲೇ ನೊಂದುಕೊಂಡ. ತೆಗೆದು ಬಿಸಾಡು ಎಂದ. ಅವನ ವಾದ ತೀರಾ ಪೊಳ್ಳಲ್ಲ. ಇಟಲಿಯ ಟಸ್ಕನಿಯಲ್ಲಿ ಗಯೋಲೆ ಎಂಬ ಊರಿದೆ. ಅಲ್ಲಿ 1997ರಿಂದ ಎರೋಯಿಕಾ ಎಂಬ ಸೈಕಲ್ ಸವಾರಿ ನಡೆಯುತ್ತದೆ, ಮಣ್ಣುರಸ್ತೆಯ ಮೇಲೆ. 1987ಕ್ಕಿಂತ ಹಿಂದಿನ ರೇಸ್ ಸೈಕಲ್ಲುಗಳಿಗಷ್ಟೇ ಅಲ್ಲಿ ಮಣೆ. ಗೇರಿನ ಲಿವರು ಫ್ರೇಮಿನ ಇಳಿಕೊಳವೆಯ ಮೇಲೆಯೇ ಇರಬೇಕು, ಪೆಡಲಿಗೆ ಪಟ್ಟಿ ಇರಬೇಕು, ಬ್ರೇಕಿನ ಕೇಬಲ್ಲು ಹ್ಯಾಂಡಲ್ಲಿನ ಟೇಪಿನ ಹೊರಗೇ ಬಾಗಿ ಬರಬೇಕು. ಟೇಪಿನ ಒಳಗೆ ಅಡಗಿಸಿದ್ದರೆ ನಡೆಯದು. ಅಂದರೆ ಸೈಕಲ್ಲಿನ ಕಾಲನಿರ್ಣಯಕ್ಕೆ ಕೇಬಲ್ಲಿನ ದಾರಿಯೇ ಪಂಚಾಂಗ. ಲಿವರಿನ ತಲೆಯಿಂದ ಕಮಾನಿನಂತೆ ಎದ್ದು ಗಾಳಿಯಲ್ಲಿ ಬಾಗುವ ಆ ಕೇಬಲ್ಲುಗಳು ಚಂದವೂ ಹೌದು. ಗೆಳೆಯನಿಗೆ ಇದೆಲ್ಲ ಬಾಯಿಪಾಠ.

ನಾನು ಅವನನ್ನು ಕೇಳಿದ್ದು ಇಷ್ಟೇ. ಗಯೋಲೆಯವರು ನೋಡುವುದು ಕೇಬಲ್ಲಿನ ಹೊರಮೈಯನ್ನು. ಒಳಗಿನ ತಂತಿಯನ್ನು ಎಳೆದು ನೋಡುವವರು ಯಾರು? ಅವನು ಹೇಳಿದ, ಯಾರೂ ನೋಡದ ಜಾಗದಲ್ಲೇ ಪ್ರಾಮಾಣಿಕತೆ ಇರುವುದು. ಆ ಕಾಲದ್ದು ಎಂದರೆ ಸತು ಬಳಿದ ಉಕ್ಕು. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಸುಳ್ಳು ಹೇಳಿದ ಹಾಗೆ. ಬೆಂಗಳೂರಿನ ಒಣಗಾಳಿಯಲ್ಲಿ ಕೂತು ಹೇಳಲು ಇದು ಸುಲಭ. ಸತುವಿನ ಲೇಪ ನಮ್ಮ ಕಡಲಗಾಳಿಗೆ ಒಂದು ಮಳೆಗಾಲ ತಡೆದರೆ ಹೆಚ್ಚು. ಅವನ ಸೈಕಲ್ಲುಗಳು ಹಾಲ್‌ನಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. ನನ್ನದು ಒತ್ತಿನೆಣೆ ಇಳಿಯಬೇಕು.

ಬೈಂದೂರಿನ ಒತ್ತಿನೆಣೆ ನೋಡದವರಿಗೆ ಹೇಳಬೇಕು. ಕಡಲಿಗೆ ತೀರ ಹತ್ತಿರವೇ ಎದ್ದ ಗುಡ್ಡ. ಮೇಲಿನಿಂದ ನೋಡಿದರೆ ತೆಂಗಿನ ತೋಟ, ಮರಳು, ನೀರು. ಹೆದ್ದಾರಿ ಆ ಗುಡ್ಡ ಹತ್ತಿ ಇಳಿಯುತ್ತದೆ. ಹತ್ತುವಾಗ ಮೂರು ಗೇರಿನ ಬೆಲೆ ಗೊತ್ತಾಗುತ್ತದೆ, ಇಳಿಯುವಾಗ ಬ್ರೇಕಿನದ್ದು. ಲಾರಿಗಳು ಬೆನ್ನ ಹಿಂದೆಯೇ ಬರುತ್ತವೆ. ಅಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಕೈಯೊಳಗೆ ಇರುವುದು 1956ರ ತಂತಿಯೋ ಈ ವರ್ಷದ್ದೋ ಎಂಬ ಪ್ರಶ್ನೆಗೆ ನನ್ನ ಉತ್ತರ ತಡವರಿಸುವುದಿಲ್ಲ. ಕ್ರೋಮಿಯಂ ಬಳಿದ ಉಕ್ಕಿನ ರಿಮ್ಮು ಒದ್ದೆಯಾದರೆ ಯಾವ ತಂತಿ ಹಾಕಿದರೂ ಬ್ರೇಕ್ ಅರ್ಧವೂ ಹಿಡಿಯುವುದಿಲ್ಲ, ಅದು ಬೇರೆ. ಜೂನ್ ಮೊದಲ ವಾರದ ಮೇಲೆ ಈ ಚರ್ಚೆಯೇ ಅಪ್ರಸ್ತುತ. ಆಗ ಇಳಿದು ನೂಕಿಕೊಂಡು ಹೋಗುವುದೇ ಸಾಂಪ್ರದಾಯಿಕ ಬ್ರೇಕ್.

ಹಾಗಾಗಿ ಬ್ರೇಕುಗಳಿಗೆ ಸ್ಟೇನ್‌ಲೆಸ್ ಇನ್ನರ್ ಹಾಕಿಸಿದೆ. ಔಟರ್ ಮಾತ್ರ ಯಜಮಾನರ ಅಟ್ಟದಿಂದ ಇಳಿದದ್ದು. ಗೆರೆಗೆರೆಯ ಪ್ಲಾಸ್ಟಿಕ್ ಹೊದಿಕೆಯ ಬೂದು ಸುರುಳಿ, ಮಾರಾಟವಾಗದೆ ಉಳಿದ ಹಳೆ ಸ್ಟಾಕ್. ಅಲ್ಲಲ್ಲಿ ಒಣಗಿ ಬಿರಿದಿತ್ತು. ಬಿರಿದ ಭಾಗ ಬಿಟ್ಟು ಗಟ್ಟಿ ಭಾಗವನ್ನು ಅಳೆದು ಕತ್ತರಿಸಿದರು. ಕತ್ತರಿಸಿದ ಬಾಯಿಯಲ್ಲಿ ಸುರುಳಿಯ ತುದಿ ಕೊಕ್ಕೆಯಂತೆ ಒಳಗೆ ಚಾಚಿರುತ್ತದೆ. ಅದನ್ನು ಅರದಿಂದ ತಿಕ್ಕಿ ನುಣುಪು ಮಾಡದೆ ಹೋದರೆ ಹೊಸ ಇನ್ನರನ್ನು ದಿನಾ ಒಂದೊಂದು ಎಳೆಯಂತೆ ಕೊರೆಯುತ್ತದೆ. ಅವರು ತಿಕ್ಕಿದರು, ಸೂಜಿ ಹಾಕಿ ಬಾಯಿ ಬಿಡಿಸಿದರು, ಮತ್ತೆ ತಿಕ್ಕಿದರು. ಇನ್ನರಿಗೆ ಗ್ರೀಸ್ ಬಳಿದು ತೂರಿಸಿದರು. ನಾನು ಬಣ್ಣ ಸರಿಯಾಗಿದೆಯಾ, ಗೆರೆ ಸರಿಯಾಗಿದೆಯಾ ಎಂದು ಫೋಟೋ ಹಿಡಿದು ಹೋಲಿಸುತ್ತಿದ್ದೆ.

"ಒಳ್ಗಿನ್ ತಂತಿ ಹೊಸತ್, ಹೊರ್ಗಿಂದ್ ಹಳ್ತ್. ಯಾರ್ ಕಾಂತ್ರ್ ಮಾರಾಯ್ರೆ?" ಎಂದರು. ಅದು ಹೊಗಳಿಕೆಯೋ ಗೇಲಿಯೋ ಬಿಡಿಸಿ ಹೇಳಲಿಲ್ಲ.

ಗೇರಿನ ಕೇಬಲ್ಲಿನದ್ದು ಬೇರೆ ನ್ಯಾಯ. ಅದು ತುಂಡಾದರೆ ಯಾರೂ ಸಾಯುವುದಿಲ್ಲ. ಸ್ಟರ್ಮಿ-ಆರ್ಚರಿನಲ್ಲಿ ತಂತಿ ಸಡಿಲವಾದಷ್ಟೂ ಗೇರ್ ಮೇಲಕ್ಕೆ ಹೋಗುತ್ತದೆ. ತಂತಿಯೇ ಹೋದರೆ ಮೂರನೆಯದರಲ್ಲಿ ನಿಲ್ಲುತ್ತದೆ, ಅಂದರೆ ಚಕ್ರ ತನ್ನ ಹಬ್ಬಿನ ಹಲ್ಲುಗಾಲಿಗಿಂತ ಮೂರನೇ ಒಂದು ಭಾಗ ಹೆಚ್ಚು ತಿರುಗುವ ಗೇರು. ಗುಡ್ಡ ಹತ್ತುವಾಗ ತೊಡೆ ಉರಿಯುತ್ತದೆ, ಅಷ್ಟೇ. ಆದ್ದರಿಂದ ಲೂನಾ ತಂತಿಯನ್ನು ತೊಳೆದು, ಎಳೆ ಎಳೆ ಪರೀಕ್ಷಿಸಿ, ಅದೇ ಜಾಗಕ್ಕೆ ಹಾಕಿಸಿದೆ. ಟ್ರಿಗರಿನಿಂದ ಮೇಲುಕೊಳವೆಯ ಹಿಡಿಕೆಯವರೆಗೆ ಔಟರಿನೊಳಗೆ, ಅಲ್ಲಿಂದ ಬರಿಮೈಯಲ್ಲಿ ಕೊಳವೆಯ ಉದ್ದಕ್ಕೂ ಓಡಿ, ಸೀಟಿನ ಕೆಳಗಿನ ಸಣ್ಣ ರಾಟೆಗೆ ಬಳಸಿ, ಹಿಂಚಕ್ರದ ಹಬ್ಬಿನ ಕಿರುಸರಪಳಿಗೆ. ಅದನ್ನು ಸರಿಹೊಂದಿಸುವ ಕ್ರಮ ಬಲು ಚೆನ್ನಾಗಿದೆ. ಗೇರನ್ನು ಎರಡಕ್ಕೆ ಹಾಕಿ, ಬಲಬದಿಯ ಆಕ್ಸಲ್ ನಟ್ಟಿನ ಮೈಯಲ್ಲಿರುವ ಕಿಂಡಿಗೆ ಕಣ್ಣಿಡಬೇಕು. ಸರಪಳಿಗೆ ಅಂಟಿದ ಕಡ್ಡಿಯ ಭುಜ ಆಕ್ಸಲ್ಲಿನ ತುದಿಗೆ ಸರಿಸಮ ನಿಲ್ಲುವವರೆಗೆ ತಿರುಪು ತಿರುಗಿಸಬೇಕು. ಕೂದಲೆಳೆ ಆಚೀಚೆಯಾದರೆ ಎರಡಕ್ಕೂ ಮೂರಕ್ಕೂ ನಡುವಿನ ಯಾರದ್ದೂ ಅಲ್ಲದ ಜಾಗಕ್ಕೆ ಬಿದ್ದು ಪೆಡಲು ಗಾಳಿಯಲ್ಲಿ ತಿರುಗುತ್ತದೆ. ಲೂನಾ ತಂತಿ ಸರಿಸಮ ನಿಂತಿತು. ನಾಟಿಂಗ್‌ಹ್ಯಾಮಿನವರು ಬಂದು ಕೂರಿಸಿದ್ದರೂ ಇದಕ್ಕಿಂತ ಚೆನ್ನಾಗಿ ನಿಲ್ಲುತ್ತಿರಲಿಲ್ಲ.

ಗೆಳೆಯನಿಗೆ ಫೋಟೋ ಕಳಿಸಿದೆ. ಬ್ರೇಕಿನ ಔಟರ್ ನೋಡಿ ಮೆಚ್ಚಿದ, ಒಳಗೇನಿದೆ ಎಂದು ಕೇಳಲಿಲ್ಲ. ಗೇರಿನ ತಂತಿ ಬರಿಮೈಯಲ್ಲಿ ಕಾಣುತ್ತದಲ್ಲ, ಅದರ ಮೇಲೆ ಕೆಂಪು ಗುರುತು ಹಾಕಿ ವಾಪಸು ಕಳಿಸಿದ. 1956ರ ಸೈಕಲ್ಲಿಗೆ 1956ರದ್ದೇ ಸರಿ ಎಂಬುದು ಅವನ ಲೆಕ್ಕ. ನನ್ನ ಲೆಕ್ಕದಲ್ಲಿ ಈ ಸೈಕಲ್ಲು ನಾಟಿಂಗ್‌ಹ್ಯಾಮಿನಲ್ಲಿ ಇದ್ದದ್ದು ಕೆಲವು ವಾರ, ಬೊಂಬಾಯಿಯಲ್ಲಿ ಕೆಲವು ವರ್ಷ. ಉಳಿದ ಆಯುಸ್ಸೆಲ್ಲ ಕುಂದಾಪುರದ ಆಸುಪಾಸು. ದೊಡ್ಡಪ್ಪ ಊರಿಗೆ ಬಂದಾಗಲೆಲ್ಲ ಇದರ ಮೇಲೆ ಸಾಲಿಗ್ರಾಮದ ಜಾತ್ರೆಗೆ ಹೋಗಿದ್ದಾರೆ. ಅಣ್ಣಂದಿರು ಇದರಲ್ಲೇ ಕಾಲೇಜಿಗೆ ಹೋಗಿದ್ದಾರೆ. ಗೇರ್ ತಂತಿ ತುಂಡಾದಾಗ ವಿಲಾಯತಿಗೆ ಕಾಗದ ಬರೆಯದೆ, ಕೈಗೆ ಸಿಕ್ಕ ಲೂನಾದ ತಂತಿಗೆ ಹೂವರಳಿಸಿ ಸೀಸ ಹೊಯ್ದು ಓಡಿಸಿದವರ ಕಾಲವೂ ಒಂದು ಕಾಲವೇ ತಾನೆ? ಅದನ್ನು ಕಿತ್ತು ಇಂಗ್ಲೆಂಡಿನಿಂದ ತರಿಸಿದ ತಂತಿ ಹಾಕಿದರೆ ಸೈಕಲ್ಲು ನೋಡಲು ಸರಿಯಾಗಬಹುದು. ಆದರೆ ಆಗ ಅದು ಇಲ್ಲಿ ಯಾರದ್ದೂ ಆಗಿರಲಿಲ್ಲ ಎಂದು ಹೇಳಿದ ಹಾಗಾಗುತ್ತದೆ. ಗೆಳೆಯ ಇದನ್ನು ಭಾವುಕತೆ ಎಂದ. ಇರಬಹುದು. ಅವನದ್ದೂ ಅದೇ, ಊರು ಮಾತ್ರ ಬೇರೆ.

ಈ ನಡುವೆ ಕೋಟೇಶ್ವರದ ಯಜಮಾನರ ಫೋನ್ ಬಂತು. ಬ್ರಹ್ಮಾವರದ ಕಡೆಯವರೊಬ್ಬರು ಹಳೆ ಲೂನಾ ಸರಿಮಾಡಿಸುತ್ತಿದ್ದಾರಂತೆ. ಒರಿಜಿನಲ್ ಆಕ್ಸಿಲರೇಟರ್ ತಂತಿಯೇ ಬೇಕೆಂದು ಹಟ ಹಿಡಿದಿದ್ದಾರಂತೆ, ಹೊಸತು ಕೊಟ್ಟರೆ ಬೇಡವಂತೆ.

"ನಿಮ್ದ್ ಒಂದ್ ಇತ್ತಲೆ. ಕೊಡ್ತ್ರಿಯಾ?"

ಆಗುವುದಿಲ್ಲ ಎಂದೆ. ಅದು ರ್‍ಯಾಲೆಯ ಒರಿಜಿನಲ್.